ಹೊಗೆ ಕಾಣದ ತೊಲೆಗಳು

ನೇಕಾರರ ಸಂಘಕ್ಕೆ ಹೊಸ ಕಚೇರಿ ಕಟ್ಟಬೇಕೆಂದು ಕೊಳ್ಳೇಗಾಲದ ನೇಕಾರರ ಬೀದಿಯಲ್ಲಿ ಮಾತು ಎದ್ದಾಗ, ಅದರ ನಕ್ಷೆ ಬರೆಯುವ ಕೆಲಸ ತನ್ನ ತಲೆಗೆ ಬರುತ್ತದೆಂದು ಚೌಡೇಶ ಎಣಿಸಿರಲಿಲ್ಲ. ಬಂದಮೇಲೆ ಸಂತೋಷಪಡುವ ಮೊದಲು ಅವನು ಟೇಪು ಹಿಡಿದು ಹೋಗಿ ಜಾಗವನ್ನು ಎರಡು ಸಲ ಅಳೆದು ಬಂದ.

ಅವನು ಇದೇ ಬೀದಿಯ ನೇಕಾರನ ಮಗ. ಮೈಸೂರಿಗೆ ಹೋಗಿ ಹಗಲೆಲ್ಲ ಒಬ್ಬ ಕಂಟ್ರಾಕ್ಟರನ ಹಿಂದೆ ಟೇಪು ಹಿಡಿದು ಓಡಾಡಿ, ಸಂಜೆ ಕ್ಲಾಸಿನಲ್ಲಿ ಡ್ರಾಯಿಂಗ್ ಕಲಿತು, ಓವರ್‌ಸಿಯರ್ ಆಗಿ ಊರಿಗೆ ಮರಳಿದವನು. ಹಗಲು ಓದಿದವರಿಗೆಲ್ಲ ಗೊತ್ತಿರುವ ಯಾವುದೋ ಒಂದು ಪಾಠ ತನ್ನ ಸಂಜೆ ಕ್ಲಾಸಿನಲ್ಲಿ ಬಿಟ್ಟುಹೋಗಿದೆ, ಎಂದಾದರೂ ಒಂದು ದಿನ ಅದರಿಂದಲೇ ಎಡವುತ್ತೇನೆ ಎಂಬ ಸಂಶಯ ಅವನನ್ನು ಬಿಟ್ಟಿರಲಿಲ್ಲ. ಅಳೆದದ್ದನ್ನೇ ಮತ್ತೆ ಅಳೆಯುತ್ತಿದ್ದ. ಕಟ್ಟಡದೊಳಗೆ ಕಾಲಿಟ್ಟೊಡನೆ ತೊಲೆಯನ್ನೊಮ್ಮೆ ಬೆರಳ ಗೆಣ್ಣಿನಿಂದ ಬಡಿದು ನೋಡುತ್ತಿದ್ದ. ಬೀದಿಯವರು ನಗುತ್ತಿದ್ದರು. "ಚೌಡೇಸ ಮಾವನ ಮನೆಗ್ ಓದ್ರೂ ಮೊದ್ಲು ಬಾಗ್ಲಿಗೆ ಟೇಪ್ ಇಡಿತಾನೆ ಕಣ್ಲಾ!"

ಹಳೆಯ ಕಚೇರಿ ಮದರಾಸಿನ ಕಾಲದ್ದು. ಊರು ಮೈಸೂರು ರಾಜ್ಯಕ್ಕೆ ಸೇರಿ ಹತ್ತು ವರ್ಷ ಕಳೆದರೂ ಅದರ ಬಾಗಿಲ ಮೇಲಿನ ತಮಿಳು ಬೋರ್ಡನ್ನು ಯಾರೂ ಇಳಿಸಿರಲಿಲ್ಲ. ತಗಡಿನ ಶೆಡ್ಡು. ಚೈತ್ರ ಬಂತೆಂದರೆ ಒಳಗೆ ಇಟ್ಟ ರೇಷ್ಮೆ ನೂಲಿನ ಲಡಿಗಳು ಒಣಗಿ ಹುಲ್ಲಿನಂತಾಗುತ್ತಿದ್ದವು. ಅದೇ ನೂಲು ಮಗ್ಗಕ್ಕೆ ಏರಿದಾಗ ಎಳೆ ಎಳೆಯಾಗಿ ಹರಿಯುತ್ತಿತ್ತು. ಬೈಗುಳ ಮಾತ್ರ ನೇಯುವವನಿಗೆ.

ಯೋಚನೆ ಹೊಳೆದದ್ದು ಅಪ್ಪನ ಮಗ್ಗದ ಮುಂದೆ. ಅಪ್ಪ ತೀರಿಕೊಂಡಿದ್ದ, ಮಗ್ಗ ಹಾಗೇ ಇತ್ತು. ಉರಿಬಿಸಿಲಿನ ಒಂದು ಮಧ್ಯಾಹ್ನ ಚೌಡೇಶ ಸುಮ್ಮನೆ ಹೋಗಿ ಮಗ್ಗದ ಗುಣಿಯೊಳಗೆ ಕಾಲು ಇಳಿಬಿಟ್ಟು ಕೂತ. ಮೊಣಕಾಲಿನವರೆಗೆ ತಣ್ಣಗಾಯಿತು. ನೆಲದೊಳಗಿನ ಆ ಗುಣಿಗೆ ಅಪ್ಪ ದಿನವೂ ನೀರು ಚಿಮುಕಿಸುತ್ತಿದ್ದದ್ದು ನೆನಪಾಯಿತು. ಗೋಡೆ ಒಂದು ತೋಳಿನಷ್ಟು ದಪ್ಪ ಮಣ್ಣು, ನಡುವೆ ಗಾಳಿಗೆ ಬೆಳಕಿಗೆ ತೊಟ್ಟಿ, ಮೇಲೆ ಮರದ ತೊಲೆ, ಬಿದಿರು, ಮಣ್ಣಿನ ಮಾಳಿಗೆ. ಈ ಮನೆಯಲ್ಲಿ ನೂಲು ಯಾವ ಬೇಸಗೆಯಲ್ಲೂ ಹರಿದದ್ದಿಲ್ಲ. ಕಚೇರಿಯೂ ಹೀಗೇ ಯಾಕಾಗಬಾರದು? ನೆಲವನ್ನೇ ಮೊಣಕಾಲಾಳ ತಗ್ಗಿಸಿ, ಇಡೀ ನೂಲಿನ ಕೋಣೆಯನ್ನು ಒಂದು ದೊಡ್ಡ ಗುಣಿಯಂತೆ ಮಾಡಿದರೆ?

ನಕ್ಷೆ ನೋಡಿ ಸಂಘದ ಅಧ್ಯಕ್ಷ ಸುಬ್ಬಯ್ಯ ಕನ್ನಡಕ ತೆಗೆದರು.

"ಊರೆಲ್ಲ ಕಾಂಕ್ರೀಟು, ಸಿಮೆಂಟ್ ಸೀಟು ಅಂತಿರ್ಬೇಕಾದ್ರೆ ನೀನು ನಮ್ಮಜ್ಜನ ಮನೇನ ಬರ್ಕಂಡ್ ಬಂದಿದ್ದೀಯಲ್ಲೋ!"

"ನಿಮ್ಮಜ್ಜನ ಮನೇಲಿ ನೂಲು ಕಿತ್ತೋಗ್ತಿತ್ತಾ ಅಧ್ಯಕ್ಷರೇ?" ಎಂದ ಚೌಡೇಶ. ಅಂದಮೇಲೆ ಅವನ ಕಿವಿ ಬಿಸಿಯಾಯಿತು.

ಸುಬ್ಬಯ್ಯ ಕನ್ನಡಕ ಮತ್ತೆ ಏರಿಸಿಕೊಂಡು, "ಸರಿ, ಕಟ್ಸು. ಬಿದ್ರೆ ನಿನ್ನ ತಲೆ ಮ್ಯಾಲೇ ಬೀಳ್ಲಿ" ಎಂದು ನಕ್ಕರು.

ಲೊಕ್ಕನಹಳ್ಳಿ ಕಡೆಯಿಂದ ಮರ ಬಂತು, ಹೂಗ್ಯದ ಕಡೆಯಿಂದ ಬಿದಿರು. ಸತ್ತೇಗಾಲದ ಗಾರೆ ಮೇಸ್ತ್ರಿ ಪುಟ್ಟಸಿದ್ದಯ್ಯ ಗೋಡೆ ಎಬ್ಬಿಸಿದ. ಮಣ್ಣು ತುಳಿಸುವಾಗ ಬೆಲ್ಲದ ನೀರು, ಅಂಟುವಾಳದ ರಸ ಎಂದೆಲ್ಲ ಅವನದೇ ಹದಗಳಿದ್ದವು. ಗೋಡೆಗೆ ಸುಣ್ಣ ಬಳಿಯುವುದು ಬೇಡ, ಕೆಮ್ಮಣ್ಣಿನ ಬಣ್ಣವೇ ಚೆನ್ನ ಎಂದವನು ಚೌಡೇಶ. ಎಲ್ಲರೂ ಒಪ್ಪಿದರು.

ಬೇಸಗೆ ಬಂದಾಗ ಕಚೇರಿ ಊರಿಗೇ ಸುದ್ದಿಯಾಯಿತು. ಹೊರಗೆ ಟಾರು ರಸ್ತೆ ಕರಗುತ್ತಿದ್ದರೆ ಒಳಗೆ ಗುಮಾಸ್ತರು ತುಂಬುತೋಳಿನ ಅಂಗಿ ಬಿಚ್ಚದೆ ಕೂರುತ್ತಿದ್ದರು. ಲಡಿಗಳು ಮೆತ್ತಗೆ, ಜೀವವಿದ್ದಂತೆ ಇರುತ್ತಿದ್ದವು. ಹನೂರಿನಿಂದ ಬಂದವರು ನೋಡಿ ಹೋದರು. ಯಳಂದೂರಿನ ರೇಷ್ಮೆ ಬೆಳೆಗಾರರ ಮುಖಂಡ ಸದಾಶಿವಪ್ಪ ಚಪ್ಪಲಿ ಕಳಚಿ ತಗ್ಗಿನ ನೆಲದ ಮೇಲೆ ಬರಿಗಾಲಿನಲ್ಲಿ ಅತ್ತಿತ್ತ ನಡೆದಾಡಿ, "ಒಳೀಕೆ ಬಂದ್ರೆ ಬೆಟ್ಟದ್ ಗಾಳಿ ಒಡ್ದಂಗ್ ಆಯ್ತದಲ್ಲಾ ಸಾ! ನಮ್ಗೂ ಒಂದು ಇಂತದ್ದೇ ಬರ್ಕೊಡಿ" ಎಂದರು. ಚೌಡೇಶ ನಕ್ಷೆಯ ಒಂದು ಪ್ರತಿಯನ್ನು ಕೊಟ್ಟ. ಬಿಟ್ಟುಹೋದ ಪಾಠದ ಸಂಶಯ ಆ ಒಂದೆರಡು ವರ್ಷ ಅವನಿಂದ ದೂರ ನಿಂತಿತ್ತು.

ಕಚೇರಿಯ ಕಡೆ ಹೋದಾಗಲೆಲ್ಲ ತೊಲೆ ಬಡಿಯುವುದನ್ನು ಮಾತ್ರ ಅವನು ಬಿಡಲಿಲ್ಲ. ಒಂದು ದಿನ ನೂಲಿನ ಕೋಣೆಯ ಮೂಲೆಯ ತೊಲೆ ಬೇರೆ ಸದ್ದು ಕೊಟ್ಟಿತು. ಒಣಗಿದ ಸೋರೆಬುರುಡೆಯನ್ನು ತಟ್ಟಿದ ಹಾಗೆ. ಏಣಿ ತರಿಸಿ ಹತ್ತಿ ಹೆಬ್ಬೆರಳು ಒತ್ತಿದ. ಬೆರಳು ಒಳಗೆ ಹೋಯಿತು. ಮೇಲಿನ ಸಿಪ್ಪೆ ಮಾತ್ರ ಮರ; ಒಳಗೆ ಒದ್ದೆ ಮಣ್ಣು, ಮಣ್ಣಿನಲ್ಲಿ ಬಿಳಿಯ ಗೆದ್ದಲು. ಅವು ಗೋಡೆ ಹತ್ತಿ ಬಂದ ದಾರಿಯನ್ನು ಹುಡುಕಿದ. ಕಣ್ಣು ಹತ್ತಿರ ಇಟ್ಟಾಗ ಕಂಡಿತು: ಉದ್ದಕ್ಕೂ ತೆಳ್ಳಗೆ ಎದ್ದ ಗೆರೆ, ಗೋಡೆಯದೇ ಬಣ್ಣ. ಸುಣ್ಣ ಬಳಿದಿದ್ದರೆ ಕುರುಡನಿಗೂ ಕಾಣುತ್ತಿತ್ತು.

ಮನೆಗೆ ಬಂದವನು ಅಂಗಿ ಕೂಡ ಬಿಚ್ಚದೆ ಅಡಿಗೆಮನೆಗೆ ನುಗ್ಗಿ ತೊಲೆ ಬಡಿದ. ಅವನ ಅಜ್ಜ ಹಾಕಿಸಿದ ತೊಲೆ. ಠಣ್ ಎಂದಿತು. ಟಾರು ಬಳಿದಂತೆ ಕಪ್ಪಗೆ ಮಿರುಗುತ್ತಿತ್ತು. ಕೆಳಗೆ ಅವನ ಹೆಂಡತಿ ವಿಜಯಮ್ಮ ಊದುಗೊಳವೆ ಹಿಡಿದು ಕೂತಿದ್ದಳು, ಕಣ್ಣು ಕೆಂಪಗೆ, ಸೆರಗು ಮೂಗಿಗೆ.

"ಏನ್ರೀ, ಮನೆ ತೊಲೇನೂ ಬುಡಾಕಿಲ್ವಾ ನೀವು? ಅದನ್ನ ಬಡಿಯೋ ಬದ್ಲು ನಂಗೊಂದು ಸೀಮೆಣ್ಣೆ ಸ್ಟವ್ ತಂದ್ಕೊಡಿ. ಈ ಒಗೇಲಿ ನಿಮ್ಮವ್ವನಂಗೆ ನಾನೂ ಕೆಮ್ಮಿ ಕೆಮ್ಮೀನೇ ಓಗ್ತೀನಿ."

ಚೌಡೇಶ ತೊಲೆಯಿಂದ ಕಣ್ಣು ಕೀಳಲಿಲ್ಲ. ಹೊಗೆ ಒಲೆಯಿಂದ ಎದ್ದು, ಜಂತಿಗಳ ಸಂದಿನಲ್ಲಿ ತಡೆದು, ತೊಲೆಯ ಮೈ ಸವರಿಕೊಂಡು ತೊಟ್ಟಿಯ ಕಡೆ ಹೋಗುವುದನ್ನೇ ನೋಡುತ್ತಿದ್ದ. ನಕ್ಷೆಯಲ್ಲಿ ಗೋಡೆ ಇತ್ತು, ತೊಟ್ಟಿ ಇತ್ತು, ಗುಣಿಯ ತಂಪೂ ಇತ್ತು. ಗೆದ್ದಲನ್ನು ದೂರವಿಟ್ಟ ಈ ಹೊಗೆ ಇರಲಿಲ್ಲ. ಯಾರಾದರೂ ಕಚೇರಿಯಲ್ಲಿ ಒಲೆ ಹಾಕುತ್ತಾರೆಯೇ?

ಮಾರನೆಯ ದಿನ ಪುಟ್ಟಸಿದ್ದಯ್ಯನನ್ನು ಕರೆಸಿ ತೋರಿಸಿದ. ಮೇಸ್ತ್ರಿ ತೊಲೆಯೊಳಗಿನ ಮಣ್ಣನ್ನು ಬೆರಳಿಂದ ಕೆದಕಿ ಅಂಗೈಗೆ ಸುರಿದುಕೊಂಡ.

"ನಂಗೂ ಒಳೀನಿಲ್ಲ ಸಾ. ನಮ್ಮಪ್ಪ ಕಟ್ಟಿದ್ದೂ ಮನೆ, ನಾ ಕಟ್ಟಿದ್ದೂ ಮನೆ. ನಾವು ಮಾಳ್ಗೆಯಿಂದ ಇಳ್ಯದು, ಎಣ್ಮಕ್ಳು ಒಲೆ ಅಚ್ಚದು. ಅಲ್ಲಿಗ್ ನಮ್ ಕೆಲ್ಸ ಮುಗೀತಿತ್ತು. ಒಲೆ ಅಚ್ಚದೇ ಇರೋ ಮನೇನ ಯಾವತ್ತು ಕಟ್ಟಿದ್ದೆ ನಾನು?"

"ದೇವಸ್ಥಾನ?"

"ಅದು ಕಲ್ಲಲ್ವಾ ಸಾ."

ಪುಟ್ಟಸಿದ್ದಯ್ಯ ಕೈಯ ಮಣ್ಣು ಕೊಡವಿದ. ತಾನು ಹಗಲು ಓದಿದ್ದರೂ ಈ ಪಾಠ ಸಿಗುತ್ತಿರಲಿಲ್ಲ ಎಂದು ಚೌಡೇಶನಿಗೆ ಅನ್ನಿಸಿತು. ಅದರಿಂದ ಸಮಾಧಾನವೇನೂ ಆಗಲಿಲ್ಲ.

ಕೆಟ್ಟುಹೋದ ತೊಲೆ ಬದಲಿಸಿದರು. ಉಳಿದವನ್ನು ಉಳಿಸಿಕೊಳ್ಳಲು ಒಲೆಯೇ ಬೇಕು ಎಂದು ಚೌಡೇಶ ಹಟ ಹಿಡಿದ. ಗುಮಾಸ್ತರಿಗೆ ಕಾಫಿಯಾದರೂ ಆದೀತೆಂದು ಸುಬ್ಬಯ್ಯ ಒಪ್ಪಿದರು. ತೊಟ್ಟಿಯ ಪಡಸಾಲೆಯಲ್ಲಿ ಒಲೆ ಹೂಡಿದ್ದಾಯಿತು. ಹಚ್ಚುವವರು ಯಾರು? ಬೀದಿಯ ಕೊನೆಯ ಮನೆಯ ರಂಗಮ್ಮನ ಬಳಿಗೆ ಚೌಡೇಶ ತಾನೇ ಹೋದ. ಗಂಡ ಸತ್ತ ಮೇಲೆ ಆಕೆ ರಾಟೆಯಲ್ಲಿ ನೂಲು ಸುತ್ತಿಕೊಟ್ಟು ಬದುಕುತ್ತಿದ್ದಳು.

"ರಂಗಕ್ಕ, ಕಚೇರಿಲಿ ಒಲೆ ಹಚ್ಚಬೇಕು, ಬರ್ತೀಯಾ?"

"ಯಾಕಪ್ಪಾ, ಗುಮಾಸ್ತರ ಎಂಡ್ರು ಮನೇಲಿ ಇಟ್ ಆಕದಿಲ್ವಾ?"

"ಅಡಿಗೆಗಲ್ಲ. ಹೊಗೆಗೆ."

ರಂಗಮ್ಮ ರಾಟೆ ನಿಲ್ಲಿಸಿ ಅವನ ಮುಖ ನೋಡಿದಳು. "ಒಗೆ ಆಕಕ್ಕೆ ಸಂಬ್ಳವಾ! ಈ ಬೀದಿ ಗಂಡಸ್ರು ಬೀಡೀಲಿ ಬಿಟ್ಟಿಗೇ ಆಕ್ತಾರಲ್ಲೋ. ಅವ್ರುನ್ನೆಲ್ಲ ಸಾಲಾಗ್ ಕೂರ್ಸು ಓಗು."

ನಕ್ಕಳು, ಬಂದಳು. ಬರುವಾಗ ರಾಟೆಯನ್ನೂ ಹೊತ್ತು ತಂದಳು. ಬೆಳಿಗ್ಗೆ ಒಲೆ ಹಚ್ಚಿ, ಹಸಿ ಬೇವಿನ ಸೊಪ್ಪು ಒಟ್ಟಿ ಹೊಗೆ ಎಬ್ಬಿಸಿ, ಕಾಫಿ ಕಾಯಿಸಿ, ಆಮೇಲೆ ನೂಲಿನ ಕೋಣೆಯ ತಂಪಿನಲ್ಲಿ ರಾಟೆ ಇಟ್ಟು ಕೂರುತ್ತಿದ್ದಳು. ಅವಳ ಸ್ವಂತ ಮನೆಗೆ ತಗಡು ಹೊದಿಸಿತ್ತು. "ಇಲ್ಲಿಗ್ ಬಂದ್ಮೇಲೆ ನನ್ ತಲೆನೋವು ಓಯ್ತು ಕಣೋ ಚೌಡೇಸ. ನಿನ್ ಗುಣಿ ಚೆನ್ನಾಗದೆ. ನನ್ನ ಇಲ್ಲೇ ಊತ್ಬುಡಿ" ಎನ್ನುತ್ತಿದ್ದಳು.

ಒಂದು ಮಳೆಗಾಲ ಕಳೆಯಿತು. ತೊಲೆಗಳ ಮೈಗೆ ನಸುಗಪ್ಪು ಹತ್ತಿತು. ಗೋಡೆಯ ಮೇಲೆ ಹೊಸ ಗೆರೆ ಏಳಲಿಲ್ಲ. ಚೌಡೇಶ ಸ್ವಲ್ಪ ಉಸಿರು ಬಿಟ್ಟ.

ಆಗ ನೂಲು ತಿರುಗಿ ಬಂತು. ಮದುವೆ ಸೀರೆಗೆಂದು ಕೊಂಡೊಯ್ದ ಬಿಳಿ ಲಡಿಗಳನ್ನು ವ್ಯಾಪಾರಿ ಮೇಜಿನ ಮೇಲೆ ಸುರಿದು, ಮೂಸಿ ನೋಡಿ ಎಂದ. ಬಿಳುಪು ಹಳದಿಗೆ ತಿರುಗಿತ್ತು. ಸುಬ್ಬಯ್ಯ ಮೂಸಿದರು; ಚೌಡೇಶನ ಕಡೆ ತಿರುಗಿದರು.

"ಧಾರೆ ಸೀರೇಲಿ ಸೌದೆ ವಾಸ್ನೆ ಕಣಯ್ಯಾ! ಎಣ್ಣಿನ ತಾಯಿ ಮುಂದೆ ನಾನೇನ್ ಏಳ್ಲಿ, ತೊಲೆಗೋಸ್ಕರ ಅಂತ ಏಳ್ಲಾ?"

ಮನೆಯಲ್ಲಿ ನೇಕಾರ ನೂಲನ್ನು ಮರದ ಪೆಟ್ಟಿಗೆಯಲ್ಲಿ ಇಡುತ್ತಾನೆ, ಅದೂ ಒಂದು ಸೀರೆಗೋ ಎರಡಕ್ಕೋ ಆಗುವಷ್ಟು. ಇಲ್ಲಿ ಕೋಣೆಯ ತುಂಬ ತೂಗುಹಾಕಿದ ಲಡಿಗಳು. ಇದೂ ಚೌಡೇಶನಿಗೆ ಹೊಳೆದಿರಲಿಲ್ಲ. ತೊಲೆಗೆ ಹೊಗೆ ಬೇಕು, ರೇಷ್ಮೆಗೆ ಆಗದು. ಎರಡನ್ನೂ ಒಂದೇ ಸೂರಿನ ಕೆಳಗೆ ತಂದವನು ತಾನು. ಅಂದೇ ಒಲೆ ಒಡೆದರು.

"ಹಾಗಾದರೆ ಮಾಳಿಗೆ ಇಳಿಸೋಣ ಅಧ್ಯಕ್ಷರೇ. ಗೋಡೆ ಇರಲಿ, ಮೇಲಿನದನ್ನು ತೆಗೆದುಬಿಡೋಣ. ನನಗೆ ಭಯ ಆಗುತ್ತೆ."

"ನಿಂಗೆ ಯಾವತ್ತು ಭಯ ಆಗಿಲ್ಲ ಏಳು? ಸ್ಕೂಲ್ ಗೋಡೆ ಬಿರುಕ್ ಬಿಟ್ಟದೆ ಅಂತ ಅಷ್ಟೂ ಮಕ್ಳುನ್ನ ಮರದ ಕೆಳೀಕೆ ಕಳುಸ್ದಲ್ಲ, ಬಿತ್ತಾ ಅದು? ಇನ್ನೂ ಅಂಗೇ ನಿಂತದೆ. ಬಾವಿ ಕಟ್ಟೆ ಕುಸೀತದೆ ಅಂದೆ. ಅದ್ರ ಮ್ಯಾಲೆ ನಮ್ಮೆಮ್ಮೆ ಅತ್ತಿ ನಿಂತ್ಕತದೆ."

ಕಚೇರಿಯೆಲ್ಲ ನಕ್ಕಿತು. ಚೌಡೇಶನೂ ನಕ್ಕ. ನಗುತ್ತಲೇ ಲೆಕ್ಕ ಹಾಕಿದ: ಶಾಲೆಯ ವಿಷಯದಲ್ಲಿ ತಪ್ಪಿದ್ದೆ, ಬಾವಿಯ ವಿಷಯದಲ್ಲೂ ತಪ್ಪಿದ್ದೆ. ಇದೂ ಹಾಗೇ ಇರಬಹುದು. ತನ್ನ ಭಯಕ್ಕೆ ಯಾವುದು ನಿಜ ಯಾವುದು ಸುಳ್ಳು ಎಂಬ ಗುರುತು ಇರಲಿಲ್ಲ. ಎಲ್ಲ ಸಲವೂ ಅದು ಒಂದೇ ಸಮನಾಗಿ ಬರುತ್ತಿತ್ತು. ಕೊನೆಗೆ ತೊಲೆಗಳ ಕೆಳಗೆ ಆಸರೆಗೆ ಊರೆಗಂಬ ಕೊಡಲು ಮಾತ್ರ ಒಪ್ಪಿಗೆ ಪಡೆದ. ಪುಟ್ಟಸಿದ್ದಯ್ಯ ಬಂದು ಸರ್ವೆ ಮರದ ಗಳ ನಿಲ್ಲಿಸಿ ಬೆಣೆ ಬಡಿದು ಹೋದ.

ರಂಗಮ್ಮ ರಾಟೆ ಎತ್ತಲಿಲ್ಲ.

"ಒಲೆ ಇಲ್ಲವಲ್ಲ ರಂಗಕ್ಕ. ಮನೇಲೇ ಸುತ್ತು" ಎಂದ ಚೌಡೇಶ.

"ಆ ತಗಡಿನ ಕೆಳಗಾ? ನೀನೇ ಕರ್ಕಂಡ್ ಬಂದೆ, ನೀನೇ ಓಗು ಅಂತೀಯ. ಕಂಬ ಕೊಟ್ಟಿದ್ದೀಯಲ್ಲ, ಬುಡು. ಸೊಸೆ ಅಂಗೆ ನಿಂತ್ಕಂಡು ಒತ್ಕತದೆ."

ಅವನು ಒತ್ತಾಯ ಮಾಡಲಿಲ್ಲ. ನಾಲ್ಕೂ ಕಡೆ ಬಡಿದು ನೋಡಿ, ಇದ್ದುದರಲ್ಲಿ ಗಟ್ಟಿ ಎನ್ನಿಸಿದ ಊರೆಗಂಬದ ಪಕ್ಕದಲ್ಲಿ ಅವಳ ರಾಟೆಯನ್ನು ತಾನೇ ಸರಿಸಿಟ್ಟ. "ಇಲ್ಲೇ ಕೂತ್ಕೋ. ಬೇರೆ ಕಡೆ ಹೋಗಬೇಡ."

"ಆಯ್ತು ಬುಡಪ್ಪಾ ಎಂಜಿನೇರಾ."

ಆಶ್ವೀಜದಲ್ಲಿ ಮಳೆ ಹಿಡಿಯಿತು. ಹೊಡೆದು ಬಿಡುವ ಮಳೆಯಲ್ಲ, ಹಗಲೂ ರಾತ್ರಿ ಜಿನುಗುತ್ತ ಮಾಳಿಗೆಯ ಮಣ್ಣಿಗೆ ಇಂಗುವ ಮಳೆ. ಆ ವಾರವೇ ಯಳಂದೂರಿನಿಂದ ಸದಾಶಿವಪ್ಪ ಇನ್ನಿಬ್ಬರನ್ನು ಕರೆದುಕೊಂಡು ಬಂದರು. ಅಲ್ಲಿ ಪಾಯ ತೋಡುವ ಮೊದಲು ಇನ್ನೊಮ್ಮೆ ಕಚೇರಿ ನೋಡಬೇಕಿತ್ತು. ಚೌಡೇಶ ಬಸ್ ಸ್ಟಾಂಡಿಗೆ ಕೊಡೆ ಹಿಡಿದು ಹೋಗಿ ಅವರನ್ನು ಕರೆತಂದ. ದಾರಿಯುದ್ದಕ್ಕೂ ಹೇಗೆ ಹೇಳುವುದೆಂದು ಮಾತು ಜೋಡಿಸುತ್ತಿದ್ದ: ನೋಡಿ, ಊರೆಗಂಬಗಳನ್ನು ನೋಡುತ್ತೀರಿ, ಅವು ಯಾಕೆಂದರೆ...

ನೂಲಿನ ಕೋಣೆಯಲ್ಲಿ ಊರೆಗಂಬಗಳಿರಲಿಲ್ಲ.

ಅವನು ಸುಬ್ಬಯ್ಯನವರ ಕಡೆ ನೋಡಿದ. ಅವರು ಪಕ್ಕಕ್ಕೆ ಬಂದು ಮೆಲ್ಲಗೆ, "ಬಂದೋರು ನೋಡಿ ಎದ್ರ್ಕತಾರೆ ಅಂತ ತೆಗ್ಸಿ ಇತ್ಲಲ್ಲಿ ಇಟ್ಟಿದ್ದೀನಿ. ಓದ್ಮೇಲೆ ನಿಲ್ಸಾನ ಬುಡು. ವಸಿ ಒತ್ತು" ಎಂದರು.

ಸದಾಶಿವಪ್ಪ ಗೋಡೆ ಸವರಿ, "ಈ ಮಳೇಲೂ ಒಂದ್ ತೊಟ್ಟು ಸೋರಿಲ್ಲ ನೋಡ್ರಿ. ಏನ್ ಕೈ ಸಾ ನಿಮ್ದು!" ಎನ್ನುತ್ತಿದ್ದರು. ಚೌಡೇಶ ಮೇಲೆ ತೊಲೆಗಳ ಕಡೆ ನೋಡಿದ. ಈಗಲೇ ಹೇಳಬೇಕು. ಹೇಳಿದರೆ ಸುಬ್ಬಯ್ಯನವರಿಗೆ ನಾಲ್ಕು ಜನರ ಮುಂದೆ ಅವಮಾನ, ತನಗೂ. ಸ್ಕೂಲಿನ ಗೋಡೆ ಇನ್ನೂ ನಿಂತಿದೆ. ಎಮ್ಮೆ ಬಾವಿಕಟ್ಟೆಯ ಮೇಲೆ ನಿಲ್ಲುತ್ತದೆ. ಕಾಫಿ ಆಗಲಿ, ಸದಾಶಿವಪ್ಪನವರೊಬ್ಬರನ್ನೇ ಪಕ್ಕಕ್ಕೆ ಕರೆದು ಹೇಳುತ್ತೇನೆ.

"ಬನ್ನಿ, ಓಟ್ಲಲ್ಲಿ ಕಾಫಿ ಕುಡ್ಯಾನ" ಎಂದರು ಸುಬ್ಬಯ್ಯ. "ಇಲ್ಲಿ ಒಲೆ ಇಲ್ಲ."

ಗುಮಾಸ್ತರೂ ಜೊತೆಗೆ ಎದ್ದರು. ಬಾಗಿಲು ದಾಟುವಾಗ ಚೌಡೇಶ ತಿರುಗಿ ನೋಡಿದ. ರಂಗಮ್ಮ ಅವನು ತೋರಿಸಿದ ಜಾಗದಲ್ಲೇ ಕೂತಿದ್ದಳು. ಪಕ್ಕದಲ್ಲಿ ಕಂಬ ನಿಂತಿದ್ದ ಕಡೆ ನೆಲದಲ್ಲಿ ದುಂಡನೆಯ ಗುರುತಿತ್ತು.

"ನಂಗೂ ಒಂದ್ ಲೋಟ ತರಾಕೆ ಏಳು ಎಂಜಿನೇರಾ. ಸಕ್ರೆ ಜಾಸ್ತಿ!" ಎಂದು ಕೂಗಿದಳು.

ಹೋಟೆಲಿನಲ್ಲಿ ಲೋಟಗಳು ಬಂದವು. ಚೌಡೇಶ ಇನ್ನೊಂದು ಲೋಟ ಕಟ್ಟಿಕೊಡಲು ಹೇಳಿ, ಸದಾಶಿವಪ್ಪನವರ ತೋಳು ಮುಟ್ಟಿ, "ಒಂದು ಮಾತು ಹೇಳಬೇಕಿತ್ತು" ಎಂದ. ಆಗ ಸದ್ದು ಬಂತು. ದೊಡ್ಡ ಸದ್ದೇನಲ್ಲ. ಗಾಡಿಯಿಂದ ಮಣ್ಣು ಸುರಿದ ಹಾಗೆ, ಒಮ್ಮೆ, ಆಮೇಲೆ ಇನ್ನೊಮ್ಮೆ.

ಗೋಡೆಗಳು ನಿಂತಿದ್ದವು. ನಡುವೆ ಆಕಾಶ ಕಾಣುತ್ತಿತ್ತು, ಮಳೆ ನೇರ ಒಳಗೆ ಬೀಳುತ್ತಿತ್ತು. ತಗ್ಗಿನ ನೆಲ ಅಂಚಿನವರೆಗೆ ಮಣ್ಣಿನಿಂದ ತುಂಬಿಹೋಗಿತ್ತು. ಬೀದಿಯ ಗಂಡಸರೆಲ್ಲ ಬಂದು ಸನಿಕೆಯಲ್ಲಿ, ಕೈಯಲ್ಲಿ, ತಟ್ಟೆಯಲ್ಲಿ ಬಗೆದರು. ಮೊದಲು ರಾಟೆ ಸಿಕ್ಕಿತು. ಅದರ ಚಕ್ರ ಮುರಿದಿರಲಿಲ್ಲ; ಒದ್ದೆ ನೂಲು ಅದರಿಂದ ಮಣ್ಣಿನೊಳಕ್ಕೆ ಹೋಗಿತ್ತು. ಆ ಎಳೆ ಹಿಡಿದೇ ಅವಳ ಕೈ ಸಿಕ್ಕಿತು. ಎಳೆ ಹರಿದಿರಲಿಲ್ಲ.

ಆಮೇಲಿನದೆಲ್ಲ ಬೇಗ ಬೇಗ ಆಯಿತು. ಮಣ್ಣಿನ ಮನೆ ಬಿತ್ತು ಎಂದು ಊರು ಹೇಳಿತು. ರಂಗಮ್ಮನ ಸಾವಿನ ವಿಚಾರಣೆಗೆ ಬಂದ ಅಧಿಕಾರಿಗಳೂ ಅದನ್ನೇ ಬರೆದುಕೊಂಡರು. ಊರೆಗಂಬದ ಮಾತನ್ನು ಚೌಡೇಶ ಅವರಿಗೆ ಹೇಳಿದ. ಹೇಳುವಾಗ ಅವನ ಧ್ವನಿ ನಡುಗುತ್ತಿದ್ದುದರಿಂದ ಅವರು, "ನೀವು ಬಹಳ ಗಾಬರಿಯಾಗಿದ್ದೀರಿ, ಕೂತುಕೊಳ್ಳಿ" ಎಂದರು. ಸುಬ್ಬಯ್ಯ ಅಧ್ಯಕ್ಷಗಿರಿ ಬಿಟ್ಟು ಮನೆ ಹಿಡಿದರು. ಎದುರಿಗೆ ಸಿಕ್ಕರೆ ಇಬ್ಬರೂ ರಸ್ತೆಯ ಬೇರೆ ಬೇರೆ ಬದಿಗೆ ಸರಿಯುತ್ತಿದ್ದರು. ಅದೇ ಪಾಯದ ಮೇಲೆ, ತಗ್ಗನ್ನು ತುಂಬಿಸಿ, ಸಿಮೆಂಟು ಶೀಟಿನ ಕಚೇರಿ ಎದ್ದಿತು. ಮುಂದಿನ ಚೈತ್ರದಲ್ಲಿ ನೂಲು ಹರಿಯತೊಡಗಿತು. ನೇಕಾರರು ಬೈಸಿಕೊಂಡರು. ಯಳಂದೂರಿನಿಂದ ನಕ್ಷೆ ವಾಪಸು ಬಂತು, ಜೊತೆಗೆ ಒಂದು ಸಾಲು ಪತ್ರವೂ ಇಲ್ಲದೆ; ಅಲ್ಲೂ ಶೀಟೇ ಹಾಕಿಸಿದರಂತೆ. ಮಣ್ಣಿನ ತಪ್ಪಲ್ಲ, ಮಾಳಿಗೆ ಬಿದ್ದಾಗಲೂ ಗೋಡೆಗಳು ನಿಂತಿದ್ದವಲ್ಲ ಎಂದು ಬರೆದು ಕಳಿಸಬೇಕೆನಿಸಿ ಚೌಡೇಶ ಕೂತ. ಯಾರ ತಪ್ಪು ಎಂದು ಮುಂದಿನ ಸಾಲಿನಲ್ಲಿ ಬರೆಯಬೇಕಾಗುತ್ತಿತ್ತು. ಎದ್ದುಬಿಟ್ಟ.

ಒಂದು ಸಂಜೆ ಮನೆಗೆ ಬಂದಾಗ ಅಡಿಗೆಮನೆ ಬೇರೆಯಾಗಿ ಕಂಡಿತು. ಬೆಳಕು ಹೆಚ್ಚಾಗಿತ್ತು. ವಿಜಯಮ್ಮನ ಅಣ್ಣ ತಂದುಕೊಟ್ಟ ಸೀಮೆಣ್ಣೆ ಸ್ಟವ್ವು ಕಟ್ಟೆಯ ಮೇಲೆ ನೀಲಿಯಾಗಿ ಉರಿಯುತ್ತಿತ್ತು. ಅವಳ ಕಣ್ಣು ಬೆಳ್ಳಗಿತ್ತು. ಎಷ್ಟು ದಿನಗಳ ಮೇಲೋ ಅವಳು ಕೆಮ್ಮದೆ ಒಂದು ಇಡೀ ಮಾತು ಆಡಿದಳು.

"ನೋಡಿ, ಅನ್ನ ಆಗೋಯ್ತು ಆಗ್ಲೇ!"

"ಚೆನ್ನಾಗಿದೆ" ಎಂದ ಚೌಡೇಶ. ತಲೆ ಎತ್ತಿ ತೊಲೆ ನೋಡಬಾರದೆಂದು ಅಂದುಕೊಂಡ. ಎತ್ತಿದ.

ವಾರ ಕಳೆಯಿತು. ಒಂದು ಸಂಜೆ ಊಟಕ್ಕೆ ಕರೆಯಲು ಬಂದ ವಿಜಯಮ್ಮ ಬಾಗಿಲಲ್ಲಿ ನಿಂತಳು. ಗಂಡ ಹಳೆಯ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಹಸಿ ಬೇವಿನ ಸೊಪ್ಪು ಒಟ್ಟುತ್ತಿದ್ದ.

"ಅಡ್ಗೆ ಆಗದೆ ಕಣ್ರೀ."

"ಗೊತ್ತು."

"ಮತ್ತೆ ಇದೇನು?"

"ನೀನು ಜಗಲಿ ಮೇಲೆ ಕೂತ್ಕೋ ಹೋಗು. ಇತ್ತ ಬರಬೇಡ."

ಅವಳು ಮೇಲೆ ತೊಲೆಯ ಕಡೆ ನೋಡಿ ಒಂದು ಹೆಜ್ಜೆ ಹಿಂದೆ ಸರಿದಳು. ಚೌಡೇಶ ಎದ್ದು ಅವಳ ಮುಖದೆದುರೇ ಬಾಗಿಲು ಮುಂದೆ ಮಾಡಿ ಅಗುಳಿ ಹಾಕಿದ. ಹೊಗೆ ದಟ್ಟವಾಗಿ ಎದ್ದು ಜಂತಿಯ ಸಂದು ತುಂಬಿತು, ಆಮೇಲೆ ಕೆಳಗಿಳಿಯಿತು. ಕಣ್ಣು ಕಾಣದಾಯಿತು. ಅವ್ವ ಕೆಮ್ಮುತ್ತಿದ್ದಂತೆಯೇ ಕೆಮ್ಮು ಬಂತು, ಹೊಟ್ಟೆಯ ಆಳದಿಂದ. ಹೊರಗೆ ವಿಜಯಮ್ಮ ಬಾಗಿಲು ತಟ್ಟುತ್ತಿದ್ದಳು.

ಅವನು ಕಟ್ಟೆ ಹತ್ತಿ, ತಡಕಾಡಿ, ಗೆಣ್ಣಿನಿಂದ ತೊಲೆ ಬಡಿದ. ಗಟ್ಟಿ ಸದ್ದು ಬಂತು. ನಂಬಿಕೆ ಬರಲಿಲ್ಲ. ಇನ್ನೊಮ್ಮೆ ಬಡಿದ.